ಬಾಡಿಗೆ ರೂಮಿನ ಲೆಕ್ಕ

ಬಾಣಾವರ–ಹುಳಿಯಾರು ರಸ್ತೆಯಲ್ಲಿರುವ ಪಂಚನಹಳ್ಳಿಯಲ್ಲಿ, ಪರೀಕ್ಷೆಯ ಫಲಿತಾಂಶಗಳೆಲ್ಲ ಬಂದು ಮುಗಿದ ಮೇಲೆ, ಭಾನುವಾರ ಸಂಜೆ ಬಸ್ಸಿಗೆ ಕಾಯುವವರಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಆ ವರ್ಷ ಐ.ಟಿ.ಐ., ಡಿಪ್ಲೊಮಾ ಅಥವಾ ಡಿಗ್ರಿ ಮುಗಿಸಿದ ಹುಡುಗರು ಅವರು. ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಚೀಲ. ಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ನಾಲ್ಕು ತೆಂಗಿನಕಾಯಿ. ಅರಸೀಕೆರೆಗೆ ಹೋಗಿ ಅಲ್ಲಿಂದ ಬೆಂಗಳೂರಿನ ರೈಲು ಹಿಡಿಯಬೇಕು. ಕಳಿಸಿಕೊಡಲು ಬಂದ ತಾಯಿ ಕೊನೆಯ ಗಳಿಗೆಯಲ್ಲಿ ಕೇಳುವ ಪ್ರಶ್ನೆ ಒಂದೇ: “ಕೆಲಸ ಏನೋ ಸಿಕ್ತು ಕಣಪ್ಪ, ಇರೋದೆಲ್ಲಿ?”

“ಸದ್ಯಕ್ಕೆ ಫ್ರೆಂಡ್ ರೂಮಲ್ಲಿರ್ತೀನಿ ಕಣವ್ವ, ಆಮೇಲೆ ನೋಡ್ಕೊಳ್ತೀನಿ” ಎನ್ನುತ್ತಾನೆ ಮಗ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬೆಂಗಳೂರಿನಲ್ಲಿ ಬಾಡಿಗೆಗೆ ರೂಮು ಹುಡುಕಿ ನೋಡು ಎಂಬ ಮೂರನೆಯ ಮಾತನ್ನು ಇಂದು ಅದರ ಜೊತೆಗೆ ಸೇರಿಸಬಹುದು. ಹದಿನೈದು ವರ್ಷ ಓದಿಸಿದ ತಂದೆ ತಾಯಿ, ಶಾಲೆ, ಕಾಲೇಜು ಯಾರೂ ಈ ಒಂದು ಪಾಠವನ್ನು ಮಕ್ಕಳಿಗೆ ಹೇಳಿಕೊಟ್ಟಿರುವುದಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದಿದ ಹುಡುಗನಿಗಂತೂ ಕಷ್ಟ ಇನ್ನೂ ಹೆಚ್ಚು. ಆ ಹಾಸ್ಟೆಲುಗಳು ವಿದ್ಯಾರ್ಥಿಗಳಿಗೆ ಮೀಸಲು. ಓದು ಮುಗಿದೊಡನೆ ಮಂಚ, ಊಟ, ನೀರು, ದೀಪ ಎಲ್ಲವೂ ಒಮ್ಮೆಗೇ ಕೈಬಿಟ್ಟು ಹೋಗುತ್ತವೆ. ಮೊದಲ ಸಂಬಳ ಬರಲು ಮಾತ್ರ ಇನ್ನೂ ಒಂದು ತಿಂಗಳು ಬೇಕು. ಸಿಕ್ಕಿದ ಮೊದಲ ಕೆಲಸವನ್ನು ಮೂರೇ ತಿಂಗಳಿಗೆ ಬಿಟ್ಟು ಊರಿಗೆ ಮರಳುವವರಲ್ಲಿ ಕೆಲಸ ಬಾರದೆ ಬಂದವರ ಜೊತೆಗೆ, ಇರಲು ಸರಿಯಾದ ಜಾಗವಿಲ್ಲದೆ ಸೋತು ಬಂದವರೂ ಇರುತ್ತಾರೆ.

ದೂರವನ್ನು ಗಂಟೆಯಲ್ಲಿ ಅಳೆಯಬೇಕು

ಊರಿನಿಂದಲೇ ದಿನವೂ ಓಡಾಡಬಾರದೇ ಎಂದು ಕೆಲವು ಪೋಷಕರು ಕೇಳುವುದುಂಟು. ಪಂಚನಹಳ್ಳಿಯಿಂದ ಅದು ಆಗದ ಮಾತು. ಬಸ್ಸು, ರೈಲು, ಮತ್ತೆ ಬಸ್ಸು ಎಂದು ಒಂದು ಕಡೆಗೇ ನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ರೈಲ್ವೆಯವರು ಕೊಡುವ ತಿಂಗಳ ಸೀಸನ್ ಟಿಕೆಟ್ಟಿಗೆ 150 ಕಿಲೋಮೀಟರಿನ ಮಿತಿಯಿದೆ. ಅರಸೀಕೆರೆ ಆ ಮಿತಿಯಿಂದ ಆಚೆಗೆ ಬೀಳುತ್ತದೆ. ಅದೇ ರೈಲು ಮಾರ್ಗದಲ್ಲಿರುವ ತುಮಕೂರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು. ಅಲ್ಲಿಂದ ಸೀಸನ್ ಟಿಕೆಟ್ಟಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ಬಹಳ ಮಂದಿ ಇದ್ದಾರೆ.

ಹಾಗಾದರೆ ಎಷ್ಟು ದೂರವನ್ನು ‘ಓಡಾಡಬಹುದಾದ ದೂರ’ ಎನ್ನಬೇಕು? ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಇಲ್ಲಿ ನೆರವಿಗೆ ಬರುತ್ತದೆ. ನಡೆದಾಡುತ್ತಿದ್ದ ಕಾಲದಿಂದ ಹಿಡಿದು ಮೋಟಾರು ವಾಹನದ ಕಾಲದವರೆಗೆ ಜನ ಓಡಾಟಕ್ಕೆ ಕೊಡುತ್ತ ಬಂದಿರುವ ಸಮಯ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟೇ ಎಂಬುದು ಅದರ ಸಾರ. ಗಂಟೆಗೆ ಐದು ಕಿಲೋಮೀಟರು ನಡೆಯುವವನು ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರು ಹೋಗಬಲ್ಲ. ಹಳೆಯ ಪೇಟೆಗಳು ಹೆಚ್ಚುಕಡಿಮೆ ಅಷ್ಟೇ ಅಗಲ ಇರುತ್ತಿದ್ದವು. ವಾಹನದ ವೇಗ ಹೆಚ್ಚಿದಂತೆ ಊರು ಹಿಗ್ಗಿತು. ಮನುಷ್ಯ ರಸ್ತೆಗೆ ಕೊಡಲು ಒಪ್ಪುವ ಸಮಯ ಮಾತ್ರ ಹೆಚ್ಚು ಹಿಗ್ಗಲಿಲ್ಲ.

ಇದರಿಂದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಇಷ್ಟು. ಕಾರ್ಖಾನೆಯ ಗೇಟಿನಿಂದ ಮನೆಯ ಬಾಗಿಲಿನವರೆಗೆ ಎಷ್ಟು ಕಿಲೋಮೀಟರು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಅರ್ಥ ಕಡಿಮೆ. ಎಷ್ಟು ನಿಮಿಷ ಎಂದು ಕೇಳಬೇಕು. ಎಂಟು ಕಿಲೋಮೀಟರಿನ ಬಸ್ ಪ್ರಯಾಣಕ್ಕಿಂತ ಹದಿನಾರು ಕಿಲೋಮೀಟರಿನ ಮೆಟ್ರೊ ಪ್ರಯಾಣ ಬೇಗ ಮುಗಿಯುವುದುಂಟು. ಆದ್ದರಿಂದ ಮೊದಲು ದಾರಿಯನ್ನು ಗೊತ್ತುಮಾಡಿಕೊಂಡು ಆಮೇಲೆ ಮನೆಯನ್ನು ಹುಡುಕುವುದು ಲೇಸು.

ಒಂದು ಲೆಕ್ಕ

ಉದಾಹರಣೆಗೆ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕ ಮೂವರು ಹುಡುಗರನ್ನು ತೆಗೆದುಕೊಳ್ಳಬಹುದು. ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ 9,000 ರೂಪಾಯಿ ಬಾಡಿಗೆಯ ಒಂದು ಮನೆ, ದೂರದ ಬಡಾವಣೆಯಲ್ಲಿ 6,000 ರೂಪಾಯಿಯ ಇನ್ನೊಂದು ಮನೆ ಇವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತಲೆಗೆ 3,000 ಒಂದು ಕಡೆ, 2,000 ಇನ್ನೊಂದು ಕಡೆ. ಎರಡನೆಯದರಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಉಳಿತಾಯ ಎಂದು ತೋರುತ್ತದೆ.

ದೂರದ ಮನೆಯಿಂದ ದಿನಕ್ಕೆ 50 ರೂಪಾಯಿ ಬಸ್ ಚಾರ್ಜು ಎಂದರೆ 26 ದಿನಕ್ಕೆ 1,300 ರೂಪಾಯಿ. ಉಳಿತಾಯವೆಂದುಕೊಂಡದ್ದು 300 ರೂಪಾಯಿ ನಷ್ಟವಾಯಿತು. ಇಲ್ಲಿಗೇ ಲೆಕ್ಕ ಮುಗಿಯಲಿಲ್ಲ. ಹತ್ತಿರದ ಮನೆಯವನಿಗೆ ಹೋಗಿಬರಲು ಅರ್ಧ ಗಂಟೆ ಸಾಕು, ದೂರದವನಿಗೆ ಮೂರು ಗಂಟೆ ಬೇಕು ಎಂದಾದರೆ ದಿನಕ್ಕೆ ಎರಡೂವರೆ ಗಂಟೆಯಂತೆ ತಿಂಗಳಿಗೆ 65 ಗಂಟೆ ರಸ್ತೆಯ ಪಾಲಾಗುತ್ತದೆ. ಅದು ಎಂಟು ಗಂಟೆಯ ಎಂಟು ದಿನದ ದುಡಿಮೆಗೆ ಸಮ. ಸಂಜೆ ಕಾಲೇಜು ಸೇರಬೇಕು, ಇನ್ನೊಂದು ಪರೀಕ್ಷೆಗೆ ಓದಬೇಕು ಎಂದು ಊರಿನಿಂದ ಹೊರಟವನ ಓದು ಮುಳುಗಿಹೋಗುವುದು ಈ 65 ಗಂಟೆಗಳಲ್ಲಿ.

ಅಂಕಿಗಳನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ದೂರದ ಮನೆಯ ಬಾಡಿಗೆ ತಲೆಗೆ 1,000 ರೂಪಾಯಿಯಷ್ಟೇ ಆಗಿ, ರೈಲಿನಲ್ಲಿ ಕೂತು ಓದಿಕೊಂಡು ಹೋಗಲು ಅನುಕೂಲವಿದ್ದರೆ ದೂರದ ಮನೆಯೇ ವಾಸಿಯಾಗಬಹುದು. ತುಮಕೂರಿನಲ್ಲಿ ರೂಮು ಮಾಡಿ ಯಶವಂತಪುರದಲ್ಲಿ ಇಳಿಯುವವರು ಮಾಡುವ ಲೆಕ್ಕ ಇದು. ಆದರೆ ಸೀಸನ್ ಟಿಕೆಟ್ಟಿನವರು ರಿಸರ್ವೇಷನ್ ಇಲ್ಲದ ಡಬ್ಬಿಗಳಲ್ಲಿ ಹೋಗಬೇಕಾದ್ದರಿಂದ ಕೂರಲು ಜಾಗ ಸಿಗುತ್ತದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ರಾತ್ರಿ ಪಾಳಿ ಇರುವವರಿಗೆ ರೈಲಿನ ವೇಳೆ ಹೊಂದುತ್ತದೆಯೇ ಎಂಬುದೂ ಮುಖ್ಯ.

ಯಶವಂತಪುರದಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಮೆಟ್ರೊ ನಿಲ್ದಾಣವಿದೆ. ಹಸಿರು ಮಾರ್ಗದ ಮೆಟ್ರೊ ಪೀಣ್ಯಕ್ಕೆ 2014ರ ಮಾರ್ಚಿಯಲ್ಲಿ, ನಾಗಸಂದ್ರಕ್ಕೆ 2015ರಲ್ಲಿ, ತುಮಕೂರು ರಸ್ತೆಯ ಮಾದಾವರಕ್ಕೆ 2024ರ ನವೆಂಬರಿನಲ್ಲಿ ತಲುಪಿತು. ಹೀಗಾಗಿ ಮಾದಾವರದ ಆಸುಪಾಸಿನ ಹಳ್ಳಿಗಳೂ ಪೀಣ್ಯದವನಿಗೆ ಹತ್ತಿರವಾದವು. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ರೂಪಾಯಿ ಆಯಿತು. ಮೊದಲು ಲಾಭವಾಗಿದ್ದ ಮನೆ ಅಂಥ ಒಂದು ಏರಿಕೆಯಿಂದ ನಷ್ಟಕ್ಕೆ ತಿರುಗಬಹುದು. ಆದ್ದರಿಂದ ಈ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಹಾಕಿ ನೋಡಬೇಕು.

ಇನ್ನೊಂದು ಕಿವಿಮಾತು. ಹೆಚ್ಚಿನವರು ಮನೆ ನೋಡುವುದು ಭಾನುವಾರ. ಅಂದು ರಸ್ತೆ ಬರಿದಾಗಿರುತ್ತದೆ. ಇಪ್ಪತ್ತೇ ನಿಮಿಷ ಎಂದು ಬ್ರೋಕರು ಹೇಳಿದ್ದು ನಿಜವೆನಿಸುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಆ ಮನೆಯ ಬಾಗಿಲಿನಿಂದ ಹೊರಟು ಒಮ್ಮೆ ಗಡಿಯಾರ ನೋಡಿಕೊಳ್ಳಬೇಕು.

ಗಾಳಿಗೂ ಬೆಲೆಯಿದೆ

ಬಾಡಿಗೆ ಹಂಚಿಕೊಂಡಷ್ಟೂ ಅಗ್ಗ ಎಂದು ಒಂದು ರೂಮಿಗೆ ನಾಲ್ಕು ಜನ, ಐದು ಜನ ಸೇರುವುದು ಸಾಮಾನ್ಯ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ರೂಮಿನಲ್ಲಿ ಸುಮಾರು 28,000 ಲೀಟರು ಗಾಳಿ ಇರುತ್ತದೆ. ಮಲಗಿರುವ ಒಬ್ಬ ವ್ಯಕ್ತಿ ಗಂಟೆಗೆ 12 ಲೀಟರಿನಷ್ಟು ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾನೆ ಎಂದಿಟ್ಟುಕೊಂಡರೆ, ನಾಲ್ವರು ಎಂಟು ಗಂಟೆ ಮಲಗಿದಾಗ ಸುಮಾರು 384 ಲೀಟರು. ರೂಮು ಪೂರ್ತಿ ಮುಚ್ಚಿದ್ದರೆ ಬೆಳಗಿನ ಹೊತ್ತಿಗೆ ಅಲ್ಲಿನ ಗಾಳಿಯಲ್ಲಿ ಈ ಅನಿಲ ಶೇಕಡಾ 1.3ನ್ನು ಮೀರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು ಶೇಕಡಾ 0.04 ಮಾತ್ರ, ಅದರ ಮೂವತ್ತು ಪಟ್ಟಿಗೂ ಹೆಚ್ಚಾಯಿತು. ಬಾಗಿಲ ಸಂದಿಯಿಂದ ಗಾಳಿ ಓಡಾಡುವುದರಿಂದ ನಿಜವಾಗಿ ಅಷ್ಟು ಆಗುವುದಿಲ್ಲ, ದಿಟ. ಆದರೂ ಬೆಳಿಗ್ಗೆ ಎದ್ದಾಗ ತಲೆ ಭಾರ, ಕೆಲಸದಲ್ಲಿ ತೂಕಡಿಕೆ ಎನ್ನುವ ಹುಡುಗ ಮೊದಲು ನೋಡಬೇಕಾದ್ದು ತನ್ನ ರೂಮಿನ ಕಿಟಕಿಯನ್ನು. ಕ್ಷಯದಂಥ ರೋಗ ಗಾಳಿಯ ಮೂಲಕವೇ ಹರಡುವುದರಿಂದ ಇಂಥ ರೂಮಿನಲ್ಲಿ ಒಬ್ಬನ ಕೆಮ್ಮು ನಾಲ್ವರ ಕೆಮ್ಮಾಗುತ್ತದೆ.

ಪಿ.ಜಿ.ಗಳಲ್ಲಿ, ಅಂದರೆ ಊಟ ಕೊಟ್ಟು ಬಾಡಿಗೆಗೆ ಇರಿಸಿಕೊಳ್ಳುವ ವಸತಿಗಳಲ್ಲಿ, ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಮತ್ತು ದಿನಕ್ಕೆ 135 ಲೀಟರು ನೀರು ಇರಬೇಕೆಂದು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ನಿಯಮ ಮಾಡಿತು. ನೂರು ಚದರ ಅಡಿಯ ರೂಮಿನಲ್ಲಿ ಈ ಲೆಕ್ಕಕ್ಕೆ ಇಬ್ಬರಿಗೂ ಜಾಗ ಸಾಲದು! ಪೋಷಕರು ಮನೆ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಟೇಪು ಇಟ್ಟುಕೊಂಡಿರುವುದು ಒಳ್ಳೆಯದು. ನೀರಿನ ವಿಷಯದಲ್ಲಿ ಕಾವೇರಿಯೋ, ಕೊಳವೆ ಬಾವಿಯೋ, ಟ್ಯಾಂಕರೋ ಎಂದು ಕೇಳಬೇಕು. ಟ್ಯಾಂಕರಾದರೆ ಹಣ ಕೊಡುವವರು ಯಾರು ಎಂದೂ ಕೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆ ಬಾವಿಗಳು ಬತ್ತಿದಾಗ ಈ ಪ್ರಶ್ನೆ ಕೇಳದವರು ಪಾಡು ಪಟ್ಟರು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬಚ್ಚಲುಮನೆಯದು. ಗಾಳಿಯಾಡದ ಸಣ್ಣ ಬಚ್ಚಲಿನ ಒಳಗೇ ಗ್ಯಾಸ್ ಗೀಸರು ಕೂರಿಸಿರುವ ಮನೆಗಳುಂಟು. ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದಾಗ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುವುದರಿಂದ ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುತ್ತಾರೆ. ನಮ್ಮ ರಾಜ್ಯದಲ್ಲೇ ಹೀಗೆ ಜೀವ ಕಳೆದುಕೊಂಡ ಯುವಕ ಯುವತಿಯರಿದ್ದಾರೆ. ಗೀಸರು ಬಚ್ಚಲಿನ ಹೊರಗೆ, ಬಯಲು ಗಾಳಿಗೆ ಇರಬೇಕು. ಒಳಗೇ ಇದ್ದರೆ ಬಾಡಿಗೆ ಎಷ್ಟೇ ಅಗ್ಗವಾದರೂ ಆ ಮನೆ ಬೇಡ. ಬಕೆಟ್ಟಿನಲ್ಲಿ ಒಲೆಯ ಮೇಲಿನ ಬಿಸಿನೀರು ಹೊತ್ತು ಸ್ನಾನ ಮಾಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅಡ್ವಾನ್ಸು ಮತ್ತು ಕರಾರು

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವುದು ಬಹುಕಾಲದ ರೂಢಿ. 9,000 ರೂಪಾಯಿಯ ಮನೆಗೆ 90,000. ಮೂವರಿಗೆ ಹಂಚಿದರೂ ತಲೆಗೆ 30,000. ಪಂಚನಹಳ್ಳಿಯ ಕಡೆಯ ರೈತನಿಗೆ ಇದು ತಿಪಟೂರು ಮಂಡಿಗೆ ಕೊಬ್ಬರಿ ಹಾಕಿ ಹೊಂದಿಸಬೇಕಾದ ಹಣ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಕಾನೂನು ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಆದರೂ ಚೌಕಾಸಿ ಮಾಡುವಾಗ ಈ ಮಾತು ಗೊತ್ತಿದ್ದರೆ ಒಳ್ಳೆಯದು.

ಕರಾರು ಪತ್ರ ಹನ್ನೊಂದು ತಿಂಗಳಿಗೇ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ಓಡಾಟ ತಪ್ಪಿಸಲು ಹನ್ನೊಂದು ತಿಂಗಳು. ಪತ್ರದಲ್ಲಿ ಮೂವರ ಹೆಸರೂ ಇರಲಿ. ಅಡ್ವಾನ್ಸು, ಬಿಡುವಾಗ ಬಣ್ಣಕ್ಕೆಂದು ಹಿಡಿಯುವ ಮೊತ್ತ, ಬಾಡಿಗೆ ಏರಿಕೆಯ ಪ್ರಮಾಣ ಇವೆಲ್ಲ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಹಣವನ್ನು ಬ್ಯಾಂಕಿನ ಮೂಲಕ ಮಾಲೀಕರ ಖಾತೆಗೇ ಹಾಕಬೇಕು, ಬ್ರೋಕರನ ಕೈಗಲ್ಲ. ಕೆಲವು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆಯೇ ಇಲ್ಲ ಎನ್ನುವ ಭೋಗ್ಯದ ಮನೆ ಆಸೆ ಹುಟ್ಟಿಸುತ್ತದೆ. ಆ ಮನೆಯ ಮೇಲೆ ಮಾಲೀಕರು ಮೊದಲೇ ಸಾಲ ಎತ್ತಿದ್ದರೆ ಕೊಟ್ಟ ಹಣ ಮರಳುವುದು ಕಷ್ಟ. ಋಣಭಾರ ಪತ್ರ ನೋಡದೆ ಅದಕ್ಕೆ ಕೈಹಾಕಬಾರದು.

ಜೊತೆಗಾರರು ಯಾರು?

ಪರವೂರಿನಲ್ಲಿ ಸೇರಿ ಬಾಳುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದಲ್ಲಿ ಓದಿದರು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದೇ ಬೆಂಗಳೂರಿಗೆ ಬಂದ ಹುಡುಗ ಎಚ್. ನರಸಿಂಹಯ್ಯ ಮುಂದೆ ಭೌತವಿಜ್ಞಾನದ ಅಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯೇ ಅವರ ಮನೆಯಾಗಿತ್ತು. ಸಣ್ಣ ಕೋಣೆಯಲ್ಲಿ ದೊಡ್ಡ ಬಾಳು ಬಾಳಬಹುದು. ಅದಕ್ಕೆ ಶಿಸ್ತು ಬೇಕು.

ಮುಂಬಯಿಯಲ್ಲಿ ಗೋವಾದವರು ಮಾಡಿಕೊಂಡಿದ್ದ ಏರ್ಪಾಡು ಇನ್ನೂ ಸ್ವಾರಸ್ಯದ್ದು. ಹಡಗಿನಲ್ಲಿ, ಹೋಟೆಲಿನಲ್ಲಿ ಕೆಲಸ ಹುಡುಕಿ ಬರುವವರಿಗಾಗಿ ಒಂದೊಂದು ಹಳ್ಳಿಯವರು ಒಂದೊಂದು ‘ಕೂಡ್’ ನಡೆಸುತ್ತಿದ್ದರು. ಅಂದರೆ ಊರಿನ ಹೆಸರಿನ ಒಂದು ಕ್ಲಬ್ಬು. ಸಣ್ಣ ಚಂದಾ ಕೊಟ್ಟ ಊರಿನವನಿಗೆ ಅಲ್ಲಿ ಮಲಗಲು ಜಾಗ, ಪೆಟ್ಟಿಗೆ ಇಡಲು ಮೂಲೆ, ಕೆಲಸದ ಸುದ್ದಿ ಹೇಳುವ ಹಿರಿಯರು ಇರುತ್ತಿದ್ದರು. ಧೋಬಿ ತಲಾವ್, ಮಝಗಾಂವ್‌ಗಳಲ್ಲಿ ಅಂಥ ಕೆಲವು ಇಂದಿಗೂ ಉಳಿದಿವೆ.

ಪಂಚನಹಳ್ಳಿ ಹೋಬಳಿಯಂಥ ಕಡೆಯಿಂದ ವರ್ಷವರ್ಷವೂ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಒಬ್ಬೊಬ್ಬರೂ ಹೊಸದಾಗಿ ಬ್ರೋಕರನನ್ನು ಹಿಡಿದು ಹೊಸದಾಗಿ ಮೋಸ ಹೋಗುವ ಬದಲು, ಮೊದಲು ಹೋದ ನಾಲ್ವರು ಒಂದು ಮನೆಯನ್ನು ಹಿಡಿದು ಕೈಬಿಡದೆ ಉಳಿಸಿಕೊಂಡರೆ ಆಗದೇ? ಒಬ್ಬನಿಗೆ ಬೇರೆಡೆ ಕೆಲಸವಾಗಿ ಹೊರಟಾಗ ಬರುವವನು ಅವನ ಪಾಲಿನ ಅಡ್ವಾನ್ಸನ್ನು ಅವನಿಗೇ ಕೊಡುತ್ತಾನೆ. ಮಾಲೀಕರಿಗೆ ತಿಳಿಸಿ ಕರಾರಿನಲ್ಲಿ ಹೆಸರು ಬದಲಿಸಿದರಾಯಿತು. ಇದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ಲೆಕ್ಕದ ಪುಸ್ತಕ. ಬಾಡಿಗೆ, ಸಿಲಿಂಡರು, ಅಕ್ಕಿ, ಹಾಲು, ಕರೆಂಟು ಎಲ್ಲವನ್ನೂ ಅಂದಂದೇ ಬರೆದು ತಿಂಗಳ ಕೊನೆಗೆ ಭಾಗಿಸಬೇಕು. ಪಾತ್ರೆ ತೊಳೆಯುವ ಸರದಿಯೂ ಅದರಲ್ಲೇ ಇರಲಿ. ರೂಮು ಒಡೆಯುವುದು ಹೆಚ್ಚಾಗಿ ತೊಳೆಯದ ಒಂದು ಕುಕ್ಕರಿನಿಂದ, ಬರೆದಿಡದ ಇನ್ನೂರು ರೂಪಾಯಿಯಿಂದ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. “ನೀವು ಯಾವ ಜನ?” ಎಂದು ಕೇಳಿ, ಉತ್ತರ ಹಿಡಿಸದಿದ್ದರೆ “ಮನೆ ಆಗಲೇ ಹೋಯ್ತು” ಎನ್ನುವ ಮಾಲೀಕರು ನಗರದಲ್ಲಿ ಇಂದಿಗೂ ಇದ್ದಾರೆ. ಕೈಯಲ್ಲಿ ಹಣವಿದ್ದೂ ದಲಿತ ಮತ್ತು ಮುಸ್ಲಿಂ ಹುಡುಗರು ಹತ್ತು ಬಾಗಿಲು ತಟ್ಟಿ ಹಿಂದಿರುಗುವುದುಂಟು. ಊರಿನ ಹೆಸರಿನಲ್ಲಿ ಹಿಡಿದ ಮನೆ ಊರಿನ ಒಂದೇ ಕೇರಿಯ ಮನೆಯಾದರೆ ಆ ಮಾಲೀಕರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಒಂದೇ ಶಾಲೆಯ ಬೆಂಚಿನಲ್ಲಿ ಕೂತು ಕಲಿತವರು ಒಂದೇ ಅಡುಗೆಮನೆಯಲ್ಲಿ ಉಣ್ಣಲು ಕಲಿತರೆ ಬಾಡಿಗೆಯೂ ಹಗುರ, ಮನಸ್ಸೂ ಹಗುರ.

ಹೆಣ್ಣುಮಕ್ಕಳ ಲೆಕ್ಕ

ಹೆಣ್ಣುಮಕ್ಕಳ ವಿಷಯದಲ್ಲಿ ಮೇಲಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ಹಾಗಾಗಿ ದೂರದ ಅಗ್ಗದ ಮನೆಯೂ ಹಣದ ಲೆಕ್ಕಕ್ಕೆ ಗಿಟ್ಟುತ್ತದೆ. ಗಂಟೆಗಳ ಲೆಕ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ಬಸ್ಸಿಳಿದ ಮೇಲೆ ರಾತ್ರಿ ನಡೆಯಬೇಕಾದ ಕಡೆಯ ಅರ್ಧ ಕಿಲೋಮೀಟರಿನಲ್ಲಿ ದೀಪವಿದೆಯೇ, ಅಂಗಡಿಗಳಿವೆಯೇ ಎಂಬುದನ್ನು ಸಂಜೆಯ ಹೊತ್ತಿನಲ್ಲೇ ಹೋಗಿ ನೋಡಬೇಕು.

ದುಡಿಯುವ ಮಹಿಳೆಯರ ವಸತಿ ನಿಲಯಗಳ ಕೇಂದ್ರ ಯೋಜನೆ 1972–73ರಿಂದಲೂ ಇದೆ. ಈಗ ಅದರ ಹೆಸರು ಸಖಿ ನಿವಾಸ. ಒಬ್ಬರೇ ಇರುವ ಕೋಣೆಗೆ ಸಂಬಳದ ಶೇಕಡಾ 15, ಇಬ್ಬರ ಕೋಣೆಗೆ 10, ಹಲವರು ಸೇರಿ ಇರುವ ಕೋಣೆಗೆ ಏಳೂವರೆಗಿಂತ ಹೆಚ್ಚು ಬಾಡಿಗೆ ಪಡೆಯಬಾರದೆಂದು ಈ ಯೋಜನೆಯ ಮಾರ್ಗಸೂಚಿ ಹೇಳುತ್ತಿತ್ತು. ಇಂಥ ನಿಲಯಗಳಲ್ಲಿ ಜಾಗ ಸಿಗುವುದು ಸುಲಭವಲ್ಲವಾದ್ದರಿಂದ ಕೆಲಸದ ಪತ್ರ ಕೈಗೆ ಬಂದ ದಿನವೇ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಮಗಳಾಗಲಿ ಮಗನಾಗಲಿ, ಕೆಲಸಕ್ಕೆ ಸೇರುವ ದಿನಕ್ಕೆ ಒಂದು ವಾರ ಮೊದಲೇ ತಂದೆಯೋ ತಾಯಿಯೋ ಜೊತೆಗೆ ಹೋಗಿ ಎರಡು ದಿನ ಅಲ್ಲಿ ತಿರುಗಾಡಿ ಬಂದರೆ ಖರ್ಚಾಗುವುದು ಹೆಚ್ಚೆಂದರೆ ಒಂದೆರಡು ಸಾವಿರ ರೂಪಾಯಿ. ಗಡಿಯಾರ, ಟೇಪು, ಲೆಕ್ಕದ ಪುಸ್ತಕ ಮೂರೂ ಜೊತೆಗಿರಲಿ. ಆಗ ಭಾನುವಾರ ಸಂಜೆ ಬಸ್ಸು ಬರುವ ಹೊತ್ತಿಗೆ “ಇರೋದೆಲ್ಲಿ?” ಎಂದು ತಾಯಿ ಕೇಳಬೇಕಾಗಿರುವುದಿಲ್ಲ. ಮನೆ ನಂಬರು, ರಸ್ತೆ, ಜೊತೆಗಿರುವ ಇಬ್ಬರು ಹುಡುಗರ ಹೆಸರು, ಅವರ ಮನೆಯವರ ಫೋನ್ ನಂಬರು ಎಲ್ಲವೂ ಆಕೆಯ ಬಳಿಯೇ ಒಂದು ಚೀಟಿಯಲ್ಲಿ ಬರೆದಿರುತ್ತವೆ.